ಅಂಜಿಕೆಯಿದ್ದೂ ಮುಂದೆ ನಡೆದವರು



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳ್ಳಿಗಳಲ್ಲಿ ನಾಡು-ನುಡಿಯ ಮಾತು ಎದ್ದಾಗಲೆಲ್ಲ ಒಂದು ದೂರು ಕಿವಿಗೆ ಬೀಳುತ್ತದೆ: ನಮ್ಮಲ್ಲಿ ಮುಂದಾಳುಗಳಿಲ್ಲ, ಇದ್ದಿದ್ದರೆ ನಮ್ಮ ಸ್ಥಿತಿ ಹೀಗಿರುತ್ತಿರಲಿಲ್ಲ. ಈ ದೂರನ್ನು ನಾನು ಒಪ್ಪಲಾರೆ. ಮುಂದಾಳಿಲ್ಲದ ಹಳ್ಳಿಯೊಂದನ್ನು ನನಗೆ ತೋರಿಸಿರಿ. ಪಂಚಾಯತಿಯ ಸರಪಂಚನಿದ್ದಾನೆ, ಪೋಲೀಸ ಪಾಟೀಲನಿದ್ದಾನೆ, ಸಹಕಾರಿ ಸಂಘದ ಚೇರ್ಮನ್ನನಿದ್ದಾನೆ, ಮಠದ ಅಯ್ಯನವರಿದ್ದಾರೆ, ಜಾತ್ರೆಯ ಲೆಕ್ಕ ನೋಡುವ ಹಿರಿಯರಿದ್ದಾರೆ, ನಾಲ್ಕು ಮನೆಯ ಜಗಳ ಬಿಡಿಸುವ ಅಜ್ಜಿಯಿದ್ದಾಳೆ. ಸತ್ಯ ಯಾವುದೆಂಬ ಅರಿವೂ ಇವರಿಗಿದೆ. ಸಂಜೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದರೆ, ಮನೆಯ ಮಾತು ಕನ್ನಡ, ಮಕ್ಕಳಿಗೆ ಅದರ ಅಕ್ಷರ ಬಾರದು, ಇದು ಸರಿಯಲ್ಲ ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಮರುದಿನ ಹನ್ನೊಂದು ಗಂಟೆಗೆ ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಅದೇ ನಾಲಿಗೆ ಬೇರೆ ಮಾತು ಆಡುತ್ತದೆ, ಇಲ್ಲವೇ ಏನನ್ನೂ ಆಡುವುದಿಲ್ಲ. ಕೊರತೆಯಿರುವುದು ಮುಂದಾಳಿನದಲ್ಲ, ಕಟ್ಟೆಗೂ ಕಚೇರಿಗೂ ನಡುವಿನ ಆ ದಾರಿಯದು.

ಆ ದಾರಿಯಲ್ಲಿ ಕುಳಿತಿರುವುದು ಅಂಜಿಕೆ. ಅಂಜಿಕೆಯ ಹೆಸರು ಎತ್ತಿದ ಕೂಡಲೇ ಹೇಡಿತನದ ಮಾತೆಂದು ಮುಖ ತಿರುವುವುದು ಬೇಡ. ಸಾಮಾನ್ಯ ಮನುಷ್ಯನಿಗೆ ತನ್ನೊಬ್ಬನ ಅಂಜಿಕೆ, ಮುಂದಾಳಿಗೆ ಎರಡು. ತನಗೇನಾದೀತೆಂಬುದು ಒಂದು, ತನ್ನ ಮಾತು ನಂಬಿ ಹಿಂದೆ ಬಂದವರಿಗೇನಾದೀತೆಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಭಾರವಾದದ್ದು, ಮತ್ತು ನೋಡುವವರಿಗೆ ಅದು ವಿವೇಕದಂತೆಯೇ ಕಾಣುತ್ತದೆ. ಊರಿನ ಹಿತಕ್ಕಾಗಿ ಸುಮ್ಮನಿದ್ದೇನೆ ಎನ್ನುವವನು ಎಷ್ಟು ಪಾಲು ಊರಿಗಾಗಿ, ಎಷ್ಟು ಪಾಲು ತನಗಾಗಿ ಸುಮ್ಮನಿದ್ದಾನೆಂಬುದನ್ನು ಹೊರಗಿನವರು ಅಳೆಯಲಾಗದು. ಅವನೇ ಅಳೆದುಕೊಳ್ಳಬೇಕು. ಅಳೆಯುವುದಕ್ಕೆ ಒಂದು ಸೇರು ಬೇಕಾದರೆ, ಹಿಂದೆ ಇದೇ ನೆಲದಲ್ಲಿ ಇದಕ್ಕಿಂತ ದೊಡ್ಡ ಅಂಜಿಕೆಯನ್ನು ಎದುರಿಸಿದವರು ಏನು ಮಾಡಿದರೆಂದು ನೋಡುವುದು ಒಳ್ಳೆಯದು. ದೂರದ ದೇಶಗಳ ವೀರರ ಕಥೆ ನಮಗೆ ಬೇಕಿಲ್ಲ. ಎತ್ತಿನ ಗಾಡಿ ಹೂಡಿ ಹೋಗಿ ಬರುವಷ್ಟು ದೂರದಲ್ಲಿ ಅಂಥವರು ಇದ್ದರು.

ಮೊದಲು ಕಮಲನಗರಕ್ಕೆ ಹೋಗೋಣ. ಉದಗೀರದಿಂದ ಭಾಲ್ಕಿಯ ಕಡೆಗೆ ಹೊರಟರೆ ಗಡಿ ದಾಟಿದೊಡನೆ ಸಿಗುವ ಊರು ಅದು. 1890ರಲ್ಲಿ ಅಲ್ಲಿ ಹುಟ್ಟಿ, ಭಾಲ್ಕಿಯ ಹಿರೇಮಠದ ಪಟ್ಟಕ್ಕೆ ಬಂದು, 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಕಾಲದಲ್ಲಿ ಬೀದರ ಜಿಲ್ಲೆ ಅಖಂಡವಾಗಿತ್ತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಅದರೊಳಗೇ ಇದ್ದವು. ಮೇಲೆ ನಿಜಾಮನ ಆಳಿಕೆ. ರಾಜ್ಯದ ಬಹುಜನರು ತೆಲುಗು, ಮರಾಠಿ, ಕನ್ನಡ ಆಡುವವರು. ಕಚೇರಿಯ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆ ಉರ್ದು. ಉರ್ದುವಿನ ಮೇಲೆ ಯಾರಿಗೂ ದ್ವೇಷವಿರಲಿಲ್ಲ, ಇರಬೇಕಾದುದೂ ಇಲ್ಲ. ಅದೂ ಈ ದೇಶದ ಸೊಗಸಾದ ಭಾಷೆ. ತೊಡಕಿದ್ದುದು ಕಾನೂನಿನಲ್ಲಿ. 1920ರ ದಶಕದಲ್ಲಿ ಹೊರಟ ನಿಯಮಗಳ ಪ್ರಕಾರ ಖಾಸಗಿ ಶಾಲೆಯೊಂದನ್ನು ತೆರೆಯಬೇಕಾದರೆ ಸರಕಾರದ ಮುನ್ನೊಪ್ಪಿಗೆ ಬೇಕು. ಗಶ್ತೀ ನಿಶಾನ 53 ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ಕೂಡಿಸುವುದಕ್ಕೂ ಒಪ್ಪಿಗೆ ಬೇಕು. ನಾಲ್ಕು ಜನ ಕೂಡಿ ಮಕ್ಕಳಿಗೆ ಅಕ್ಷರ ಕಲಿಸುವುದು ಕೂಡ ಅಧಿಕಾರಿಯ ಕಣ್ಣಿನಲ್ಲಿ ಸಂಶಯದ ಕೆಲಸವಾಗಿತ್ತು.

ಇಂಥ ಕಾಲದಲ್ಲಿ ಪಟ್ಟದ್ದೇವರು ಕನ್ನಡ ಶಾಲೆ ನಡೆಸಿದರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ: ಇದು ಈ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವ, ಎಲ್ಲರೂ ಬಲ್ಲ ಸಂಗತಿ. ಜಾತಿ ನೋಡದೆ ಬಡವರ ಮಕ್ಕಳನ್ನು ಮಠದಲ್ಲಿ ಇಟ್ಟುಕೊಂಡು ಅನ್ನ ಹಾಕಿ ಓದಿಸಿದರು. ಆ ಕಾಲದ ಮಠಾಧಿಪತಿಯೊಬ್ಬರಿಗೆ ಈ ಎರಡನೆಯ ಕೆಲಸದ ಅಂಜಿಕೆ ಮೊದಲನೆಯದಕ್ಕಿಂತ ಕಡಿಮೆಯದಾಗಿರಲಾರದು. ಸರಕಾರದ ಸಿಟ್ಟು ಒಂದು ದಿನ ಬಂದು ಹೋಗಬಹುದು. ಭಕ್ತರ ಸಿಟ್ಟು ಮಠದ ಒಲೆಯನ್ನೇ ಆರಿಸಬಲ್ಲದು.

ಇಲ್ಲಿ ಯಾರಾದರೂ ಒಂದು ಪ್ರಶ್ನೆ ಎತ್ತಬಹುದು, ಎತ್ತಬೇಕು. ಹೊರಗೆ ಉರ್ದು ಫಲಕ ಹಾಕಿದ್ದು ಅಂಜಿಕೆಯಲ್ಲವೇ? ಕನ್ನಡದ ಮೇಲೆ ಅಷ್ಟು ನಿಷ್ಠೆಯಿದ್ದರೆ ಕನ್ನಡದ ಫಲಕವನ್ನೇ ಹಾಕಿ ಸೆರೆಮನೆಗೆ ಹೋಗಬಹುದಿತ್ತಲ್ಲ? ಹೌದು, ಅದು ಅಂಜಿಕೆಯೇ. ಆದರೆ ಆ ಅಂಜಿಕೆಗೆ ಅವರು ಎಷ್ಟು ಕೊಟ್ಟರೆಂಬುದನ್ನು ಲೆಕ್ಕ ಹಾಕಿರಿ. ಒಂದು ಹಲಗೆಯನ್ನು ಕೊಟ್ಟರು, ಪಾಠವನ್ನು ಕೊಡಲಿಲ್ಲ. ಮಕ್ಕಳು ಕನ್ನಡ ಓದಬೇಕೆಂಬುದು ಅವರ ನಂಬಿಕೆ. ಹಲಗೆಯ ಮೇಲೆ ಯಾವ ಅಕ್ಷರವಿರಬೇಕೆಂಬುದು ಆ ನಂಬಿಕೆಯ ಒಳಗಿನದಲ್ಲ, ಅಂಚಿನದು. ಅಂಚನ್ನು ಬಿಟ್ಟುಕೊಟ್ಟು ಒಳಗನ್ನು ಉಳಿಸಿಕೊಂಡರು. ದಿನಾಲು ಬೆಳಿಗ್ಗೆ ಬಾಗಿಲು ತೆಗೆದು ಕುಳಿತರೆ ಇಂದು ತನಿಖೆ ಬಂದೀತು ಎಂಬ ಶಂಕೆ, ವರ್ಷಗಟ್ಟಲೆ. ಒಂದು ದಿನದ ಸಾಹಸಕ್ಕಿಂತ ಇದು ಕಠಿಣವೆಂದು ನಾನು ತಿಳಿದಿದ್ದೇನೆ. ಒಂದು ದಿನ ಜೈಕಾರ ಹಾಕಿ ಸೆರೆಯಾದವನನ್ನು ಜನ ಹೂಮಾಲೆ ಹಾಕಿ ಕಳಿಸುತ್ತಾರೆ. ಹತ್ತು ವರ್ಷ ಬಾಗಿಲು ಮುಚ್ಚಿ ಕಾಗುಣಿತ ಕಲಿಸಿದವನಿಗೆ ಮಾಲೆ ಹಾಕುವವರು ಯಾರು?

ಇಂದು ನಮ್ಮಲ್ಲಿ ನಡೆದಿರುವುದು ಇದರ ತಲೆಕೆಳಗಾದ ರೂಪ. ನವೆಂಬರ್ 1 ಬಂತೆಂದರೆ ಅಲ್ಲೊಂದು ಇಲ್ಲೊಂದು ಕನ್ನಡ ಫಲಕ ಏಳುತ್ತದೆ, ಭಾಷಣವಾಗುತ್ತದೆ, ಚಹಾ ಆಗುತ್ತದೆ, ಒಳಗೆ ಪಾಠವಿಲ್ಲ. ಹೊರಗಿನ ಹಲಗೆಯನ್ನು ಹಿಡಿದುಕೊಂಡು ಒಳಗಿನ ಪಾಠವನ್ನು ಬಿಟ್ಟುಕೊಟ್ಟಿದ್ದೇವೆ. ಹಲಗೆಗೆ ಧೈರ್ಯ ಬೇಕಿಲ್ಲ, ನೂರು ರೂಪಾಯಿಯ ಬಣ್ಣ ಸಾಕು.

ಸೆರೆಮನೆಯ ದಾರಿಯನ್ನೇ ಹಿಡಿದವರೂ ನಮ್ಮ ಸೀಮೆಯಲ್ಲಿ ಇದ್ದರು. ಉದಗೀರದಲ್ಲಿ ವಕೀಲಿ ಮಾಡುತ್ತಿದ್ದ ಭಾಯಿ ಶ್ಯಾಮಲಾಲರು ಆರ್ಯಸಮಾಜದ ಮುಂದಾಳುಗಳು. 1938ರಲ್ಲಿ ಅವರನ್ನು ಹಿಡಿದು ಬೀದರದ ಸೆರೆಯಲ್ಲಿಟ್ಟರು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅಲ್ಲಿಯೇ ಮಡಿದರು. ಉದಗೀರದಲ್ಲಿ ಅವರ ಹೆಸರಿನ ವಿದ್ಯಾಸಂಸ್ಥೆಯ ಮುಂದೆ ಹಾದುಹೋಗದ ಬಾಜಾರದ ದಿನ ನಿಮಗಿರಲಾರದು. ಅದೇ ವರ್ಷದ ಅಕ್ಟೋಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಆರಂಭವಾಯಿತು. ಆ ಸಂಸ್ಥೆಯ ಸ್ಥಿತಿ ವಿಚಿತ್ರವಾದದ್ದು: ಅದು ಸರಿಯಾಗಿ ಹುಟ್ಟುವ ಮೊದಲೇ ಸರಕಾರ ಅದನ್ನು ನಿಷೇಧಿಸಿತ್ತು. ನಿಷೇಧ ತೆರವಾದದ್ದು 1946ರಲ್ಲಿ.

ಆ ಸಂಸ್ಥೆಯ ಪ್ರಾಣವಾಗಿದ್ದ ಸ್ವಾಮಿ ರಮಾನಂದತೀರ್ಥರ ಹೆಸರನ್ನು ಗಡಿಯ ಎರಡೂ ಕಡೆ ಹೇಳುತ್ತಾರೆ. ಪೂರ್ವಾಶ್ರಮದಲ್ಲಿ ಅವರು ವೆಂಕಟೇಶ ಖೇಡಗೀಕರ. 1903ರಲ್ಲಿ ಹುಟ್ಟಿದ್ದು ಬಿಜಾಪುರ-ಕಲಬುರ್ಗಿಯ ಕನ್ನಡ ಸೀಮೆಯಲ್ಲಿ, ಮಕ್ಕಳಿಗೆ ಕಲಿಸುತ್ತ ಬಾಳು ಸವೆಸಿದ್ದು ಹಿಪ್ಪರಗಾ, ಅಂಬೇಜೋಗಾಯಿಯ ಮರಾಠಿ ಸೀಮೆಯಲ್ಲಿ. ಕಾವಿ ಉಟ್ಟ ಶಾಲಾಮಾಸ್ತರರು ಎಂದರೆ ಅವರ ಚಿತ್ರ ಮುಗಿಯಿತು. ದೊಡ್ಡ ಹಣವಿಲ್ಲ, ಹಿಂದೆ ಸೈನ್ಯವಿಲ್ಲ. 1938ರಲ್ಲಿ ಸೆರೆ ಕಂಡರು. 1947ರ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಏರಿಸಿ ಸಿಹಿ ಹಂಚುತ್ತಿದ್ದಾಗ ಹೈದರಾಬಾದಿನಲ್ಲಿ ಅವರನ್ನು ಬಂಧಿಸಿದರು. ಆ ವರ್ಷದ ಕೊನೆಗೆ ಬಿಡುಗಡೆಯಾಗಿ, 1948ರ ಜನವರಿಯಲ್ಲಿ ಮತ್ತೆ ಸೆರೆಯಾದವರು ಸಪ್ಟೆಂಬರಿನ ಪೋಲೀಸ ಕಾರ್ಯಾಚರಣೆ ಮುಗಿಯುವವರೆಗೂ ಒಳಗೇ ಇದ್ದರು. ತಾವು ಒಳಗಿದ್ದಾಗ ಹೊರಗೆ ರಜಾಕಾರರ ಹಾವಳಿಯಲ್ಲಿ ತಮ್ಮ ಹಿಂಬಾಲಕರ ಗತಿಯೇನಾಗುತ್ತಿದೆಯೆಂಬ ಸಂಕಟ ಅವರಿಗೆ ಎಷ್ಟಿದ್ದಿರಬಹುದು! 1948ರ ಮೇ ತಿಂಗಳಿನಲ್ಲಿ ಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಡೆದ ಕೊಲೆಗಳನ್ನು ನೆನೆದರೆ ಇಂದಿಗೂ ಹಿರಿಯರು ಮಾತು ನಿಲ್ಲಿಸುತ್ತಾರೆ.

ಇದನ್ನು ಎರಡು ಮತಗಳ ಜಗಳವೆಂದು ಹೇಳುವವರಿಗೆ ಶೋಯಬುಲ್ಲಾ ಖಾನರ ಹೆಸರನ್ನು ನೆನಪಿಸಬೇಕು. ಹೈದರಾಬಾದಿನಿಂದ ಹೊರಡುತ್ತಿದ್ದ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕರು ಅವರು, ಇನ್ನೂ ಮೂವತ್ತು ತುಂಬದ ತರುಣರು. ರಾಜ್ಯವು ಭಾರತದಲ್ಲಿ ಕೂಡಬೇಕೆಂದು ಬರೆದರು, ರಜಾಕಾರರನ್ನು ಖಂಡಿಸಿ ಬರೆದರು. ಬೆದರಿಕೆಯ ಪತ್ರಗಳು ಬಂದವು. ಬರೆಯುವುದನ್ನು ನಿಲ್ಲಿಸಲಿಲ್ಲ. 1948ರ ಆಗಸ್ಟ್ ತಿಂಗಳಿನ ಒಂದು ರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ಅವರನ್ನು ಕೊಂದು ಕೈ ಕಡಿದರು. ಇನ್ನು ಮೂರು-ನಾಲ್ಕು ವಾರ ಸುಮ್ಮನಿದ್ದಿದ್ದರೆ ಅವರು ಬದುಕಿ ಉಳಿಯುತ್ತಿದ್ದರು. ಸಪ್ಟೆಂಬರ್ 17ಕ್ಕೆ ನಿಜಾಮನ ಆಳಿಕೆಯೇ ಮುಗಿಯಿತು. ಆದರೆ ಮುಂದೇನಾಗುವುದೆಂದು ಆ ಆಗಸ್ಟಿನಲ್ಲಿ ಬಲ್ಲವರು ಯಾರು? ಅಂಜಿಕೆಯ ಕಾಲದಲ್ಲಿ ನಡೆಯುವವನು ಯಾವಾಗಲೂ ಕತ್ತಲೆಯಲ್ಲೇ ನಡೆಯುತ್ತಾನೆ. ಬೆಳಕು ಹರಿದ ಮೇಲೆ ದಾರಿ ಇದೇ ಇತ್ತಲ್ಲ ಎನ್ನುವುದು ಸುಲಭ. ಇಂದು ಆ ಸಪ್ಟೆಂಬರ್ 17ರಂದು ಉದಗೀರದಲ್ಲಿಯೂ ಧ್ವಜ ಏರುತ್ತದೆ, ಬೀದರದಲ್ಲಿಯೂ ಏರುತ್ತದೆ. ಮರಾಠವಾಡೆಗೂ ಕಲ್ಯಾಣ ಕರ್ನಾಟಕಕ್ಕೂ ಒಂದೇ ದಿನ ಹಬ್ಬ.

ಪ್ರಾಣದ ಅಂಜಿಕೆಯ ಮಾತು ಇಷ್ಟಾಯಿತು. ಆದರೆ, ಬಂಧುಗಳೇ, ನಮ್ಮ ಇಂದಿನ ಮುಂದಾಳುಗಳಿಗೆ ಪ್ರಾಣದ ಅಂಜಿಕೆಯಿಲ್ಲ. ಅವರಿಗಿರುವುದು ಕುರ್ಚಿಯ ಅಂಜಿಕೆ, ಮತದ ಅಂಜಿಕೆ. ಇದನ್ನು ಹಗುರವಾಗಿ ತಿಳಿಯಬೇಡಿರಿ. ಪ್ರಾಣಕ್ಕೆ ಅಂಜದ ಎಷ್ಟೋ ಗಟ್ಟಿಗರು ಕುರ್ಚಿಗೆ ಅಂಜಿದ್ದನ್ನು ಲೋಕ ಕಂಡಿದೆ. ಆದುದರಿಂದ ಕೆಂಗಲ್ ಹನುಮಂತಯ್ಯನವರ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

1952ರಿಂದ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ಆ ಮೈಸೂರು ಇಂದಿನ ಕರ್ನಾಟಕವಲ್ಲ, ಮಹಾರಾಜರ ಕಾಲದಿಂದ ಬಂದ ಹಳೆಯ ಮೈಸೂರು. ಅಲ್ಲಿ ಕಟ್ಟೆ-ಕಾಲುವೆಗಳಿದ್ದವು, ವಿದ್ಯುತ್ತು ಇತ್ತು, ಶಾಲೆ-ಕಾರಖಾನೆಗಳಿದ್ದವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೂ ನಿಜಾಮನ ಕನ್ನಡ ಜಿಲ್ಲೆಗಳೂ ಬಂದು ಕೂಡಿದರೆ ತಮ್ಮ ಐಶ್ವರ್ಯವೆಲ್ಲ ಉತ್ತರದ ಬರಗಾಲಕ್ಕೆ ಹರಿದುಹೋದೀತು ಎಂದು ಅಲ್ಲಿನ ಅನೇಕ ಮುಂದಾಳುಗಳು ಶಂಕಿಸಿದರು. ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕವೂ ಇತ್ತು. ಹಳೆಯ ಮೈಸೂರಿನಲ್ಲಿ ಒಕ್ಕಲಿಗರ ಬಲ ಹೆಚ್ಚು. ಕೂಡಿದ ರಾಜ್ಯದಲ್ಲಿ ಲಿಂಗಾಯತರ ಬಲ ಹೆಚ್ಚಾಗುವುದು ನಿಶ್ಚಿತ. ಹನುಮಂತಯ್ಯನವರು ಸ್ವತಃ ಒಕ್ಕಲಿಗರು. ಅವರನ್ನು ಕುರ್ಚಿಯ ಮೇಲೆ ಕೂಡಿಸಿದವರೇ ಏಕೀಕರಣಕ್ಕೆ ಎದುರು ನಿಂತರು. ತನ್ನ ಮನೆಯ ಜಂತೆಯನ್ನು ತಾನೇ ಬಿಚ್ಚುವ ಕೆಲಸ ಅದಾಗಿತ್ತು. ಅವರಿಗೆ ಲೆಕ್ಕ ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ವಕೀಲರು, ಚತುರ ರಾಜಕಾರಣಿಗಳು. ಲೆಕ್ಕ ತಿಳಿದೇ ಅವರು ಕನ್ನಡಿಗರೆಲ್ಲ ಒಂದಾಗಬೇಕೆಂಬ ಕಡೆ ನಿಂತರು.

1953ರ ಕೊನೆಗೆ ಕೇಂದ್ರ ಸರಕಾರ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು; 1955ರ ಸಪ್ಟೆಂಬರಿನಲ್ಲಿ ವರದಿ ಬಂದಿತು. ಹಳೆಯ ಮೈಸೂರಿನಲ್ಲಿ ವಿರೋಧ ಬಿಸಿಯಾಗಿದ್ದಾಗಲೂ ಹನುಮಂತಯ್ಯನವರು ಕದಲಲಿಲ್ಲ. ಮುಂದೆ 1956ರ ಆಗಸ್ಟಿನಲ್ಲಿ, ರಾಜ್ಯ ಒಂದಾಗಲು ಮೂರು ತಿಂಗಳೂ ಉಳಿದಿರದಾಗ, ತಮ್ಮದೇ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಅವರು ರಾಜೀನಾಮೆ ಕೊಡಬೇಕಾಯಿತು. ಆ ಅತೃಪ್ತಿಗೆ ಏಕೀಕರಣವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಅವರ ಖಡಾಖಂಡಿ ಸ್ವಭಾವವೂ ಹಲವರನ್ನು ನೋಯಿಸಿತ್ತು. ಆದರೆ ಅದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. 1956ರ ನವೆಂಬರ್ 1ರಂದು ಕೂಡಿದ ರಾಜ್ಯದ ಮುಖ್ಯಮಂತ್ರಿಗಳಾಗಿ ಎಸ್. ನಿಜಲಿಂಗಪ್ಪನವರು ಪ್ರಮಾಣ ಸ್ವೀಕರಿಸಿದರು. ಬಾಗಿಲು ತೆರೆದವರು ಹೊರಗೆ ನಿಂತಿದ್ದರು. ನಿಜಲಿಂಗಪ್ಪನವರ ದುಡಿತವೂ ದೊಡ್ಡದೇ, ಅದರ ಮಾತು ಬೇರೆ. ನಾನು ಹೇಳುವುದಿಷ್ಟೆ: ಬಿತ್ತಿದವನೇ ರಾಶಿ ಮಾಡುತ್ತಾನೆಂಬ ಭರವಸೆಯ ಮೇಲೆ ಮುಂದಾಳುತನ ಮಾಡುವವನು ಬಿತ್ತುವುದೇ ಇಲ್ಲ.

ಹಳ್ಳಿಯವರಿಂದ ಏನಾದೀತೆಂದು ಕೇಳುವವರಿಗೆ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯನ್ನು ತೋರಿಸಬಹುದು. 1953ರ ಮಾರ್ಚಿ ಕೊನೆಗೆ ಆ ಊರಿನ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಆಮರಣ ಉಪವಾಸ ಕುಳಿತರು. ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಮಡಿದು ಮೂರೂವರೆ ತಿಂಗಳಷ್ಟೇ ಆಗಿತ್ತು; ಆದುದರಿಂದ ಇದು ತೋರಿಕೆಯ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದರಗುಂಚಿಗೆ ಜನ ಹರಿದುಬಂದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿದ್ದಾಗ ಜನರ ಸಹನೆ ಕಟ್ಟೊಡೆದು ದೊಡ್ಡ ಗಲಭೆಯೇ ಆಯಿತು. ಗಲಭೆಯನ್ನು ನಾನು ಹೊಗಳುವುದಿಲ್ಲ. ಉಪವಾಸವನ್ನು ಕೂಡ ಇಂದಿನ ನಮ್ಮ ಹಳ್ಳಿಗಳಿಗೆ ನಾನು ಹೇಳಲಾರೆ. ನಮ್ಮ ಕೆಲಸಕ್ಕೆ ಅಷ್ಟು ದೊಡ್ಡ ಅಸ್ತ್ರ ಬೇಕಿಲ್ಲ, ಒಂದು ಸಹಿಯಷ್ಟು ಧೈರ್ಯ ಬೇಕು. ಅದರ ಮಾತು ಮುಂದೆ ಬರುತ್ತದೆ.

ಅದಕ್ಕೆ ಮೊದಲು ಒಂದು ಕಹಿಯಾದ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಮೇಲೆ ಹೇಳಿದವರೆಲ್ಲ ತಮ್ಮ ಪ್ರಾಣ, ತಮ್ಮ ಕುರ್ಚಿ ಒತ್ತೆಯಿಟ್ಟವರು. ಮುಂದಾಳಿನ ಎರಡನೆಯ ಅಂಜಿಕೆ, ಹಿಂದೆ ಬಂದವರ ತಲೆಗೆ ಬೀಳುವ ಏಟಿನದು, ಅದಕ್ಕೆ ಉತ್ತರವೇನು? ವಲಾಂಡಿಯಿಂದ ದೂರವಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಈ ಪ್ರಶ್ನೆ ರಕ್ತದಲ್ಲಿ ಬರೆಯಲ್ಪಟ್ಟಿತು. ಬಸವಣ್ಣನವರು ಕಳಚುರಿ ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತವರು. ಹುಟ್ಟಿನಿಂದ ಮೇಲು-ಕೀಳಿಲ್ಲವೆಂಬ ಅವರ ಮಾತನ್ನು ಮಾತಾಗಿಯೇ ಇಟ್ಟುಕೊಂಡಿದ್ದರೆ ಬಿಜ್ಜಳನಿಗೂ ತೊಂದರೆಯಿರಲಿಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿ ಹುಟ್ಟಿದ ಮಧುವರಸರ ಮಗಳಿಗೂ ಲಗ್ನವಾದಾಗ ಮಾತು ಕೃತಿಯಾಯಿತು. ಅದರ ದಂಡವನ್ನು ತೆತ್ತವರು ಹರಳಯ್ಯ, ಮಧುವರಸರು. ಅವರಿಗೆ ಕೊಟ್ಟ ಘೋರ ಶಿಕ್ಷೆಯ ಕಥೆಯನ್ನು ನಿಮ್ಮ ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಬಸವಣ್ಣನವರು ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾಗಿ, ಒಂದು ತಂಡ ಉಳವಿಯ ಕಾಡಿನವರೆಗೂ ಹೋಯಿತು.

ಇದನ್ನು ಓದಿ, ಮುಂದಾಳು ಸುಮ್ಮನಿದ್ದಿದ್ದರೆ ಇಬ್ಬರ ಪ್ರಾಣ ಉಳಿಯುತ್ತಿತ್ತಲ್ಲ ಎನ್ನುವವರಿದ್ದಾರೆ. ಉಳಿಯುತ್ತಿತ್ತು. ಈ ಲೆಕ್ಕವನ್ನು ಸುಳ್ಳೆನ್ನಲು ನನ್ನಿಂದಾಗದು. ಆದರೆ ಹರಳಯ್ಯನವರೂ ಮಧುವರಸರೂ ಯಾರೋ ಅಟ್ಟಿದ ದನಗಳಲ್ಲ. ತಮ್ಮ ಮಕ್ಕಳ ಲಗ್ನವನ್ನು ತಿಳಿದು ಮಾಡಿದವರು, ತಾವೂ ನಂಬಿದವರು. ಹಿಂಬಾಲಕರೆಲ್ಲ ತನ್ನ ಮಾತಿನ ಮೇಲೆಯೇ ಬದುಕಿದ್ದಾರೆಂದು ಎಣಿಸುವುದು ಮುಂದಾಳಿನ ಒಂದು ಬಗೆಯ ಅಹಂಕಾರವೇ. ಅವರಿಗೆ ಅಪಾಯವನ್ನು ಮುಚ್ಚಿಡದೆ ಹೇಳಬೇಕು. ಹೇಳಿದ ಮೇಲೆ ಆರಿಸಿಕೊಳ್ಳುವ ಹಕ್ಕು ಅವರದು. ನಮ್ಮ ಅನೇಕ ಸರಪಂಚರು ಜನ ಅಂಜುತ್ತಾರೆ ಎನ್ನುತ್ತಾರೆ. ಜನರನ್ನು ಕೇಳಿದಿರಾ ಎಂದರೆ, ಇಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 1956ರಲ್ಲಿ ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಬೀದರ, ಭಾಲ್ಕಿ, ಹುಮನಾಬಾದಗಳ ಭಾಗ ಮೈಸೂರಿಗೆ. ಜಹೀರಾಬಾದ, ನಾರಾಯಣಖೇಡಗಳ ಭಾಗ ಆಂಧ್ರಕ್ಕೆ. ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ. ಆ ಮುಂಬಯಿ 1960ರಲ್ಲಿ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ವಲಾಂಡಿ ಇಂದು ದೇವಣಿ ತಾಲೂಕಿನಲ್ಲಿದೆ. ಗಡಿಗೆರೆ ಸರಿಯೇ ತಪ್ಪೇ ಎಂಬ ವಾದ 1967ರ ಮಹಾಜನ ಆಯೋಗದ ವರದಿಯಿಂದಲೂ ಮುಗಿಯಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಗೆರೆ ಎಲ್ಲಿಯೇ ಇರಲಿ, ನಿಮ್ಮ ಮಗು ಇವತ್ತು ಆರು ವರ್ಷದ್ದು. ನ್ಯಾಯಾಲಯದ ತೀರ್ಪಿನವರೆಗೆ ಅದು ಆರು ವರ್ಷದ್ದಾಗಿಯೇ ಇರುವುದಿಲ್ಲ.

ನಾಡನ್ನು ವಿಂಗಡಿಸಿದ ಅದೇ 1956ರಲ್ಲಿ, ಗೆರೆಯ ತಪ್ಪು ಕಡೆಗೆ ಉಳಿದವರಿಗಾಗಿ ಸಂವಿಧಾನಕ್ಕೆ 350ಎ ಎಂಬ ವಿಧಿಯನ್ನು ಕೂಡಿಸಿದರೆಂಬುದು ಎಷ್ಟು ಜನರಿಗೆ ಗೊತ್ತು? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸಾಕಷ್ಟು ಸೌಕರ್ಯ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲು, 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಲೆಕ್ಕವನ್ನು ಒಪ್ಪಿಕೊಂಡಿದ್ದರು: ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಒಬ್ಬ ಶಿಕ್ಷಕನನ್ನು ಕೊಡಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಇವು ಬರಿಯ ಕಾಗದವಲ್ಲವೆಂಬುದಕ್ಕೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳ ಕಡೆ ನೋಡಿರಿ. ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳೇ ಅಲ್ಲಿ ಕನ್ನಡ ಶಾಲೆ ನಡೆಸುತ್ತಿವೆ. ಅಲ್ಲಿಯವರು ಕೇಳಿದರು, ಕೇಳುತ್ತಲೇ ಇದ್ದರು.

ಕೇಳಿದರೆ ಮರಾಠಿ ನೆರೆಯವರು ಮುನಿಸಿಕೊಳ್ಳುತ್ತಾರೆಂಬುದು ನಮ್ಮವರ ದೊಡ್ಡ ಅಂಜಿಕೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಹೊಲದ ಬದುವು ಅವರೊಡನೆ, ಸಾಲ-ಕಡ ಅವರೊಡನೆ, ಬೀಗತನ ಕೂಡ ಎಷ್ಟೋ ಮನೆಗಳಲ್ಲಿ ಅವರೊಡನೆ. ಆದರೆ ಕನ್ನಡ ಕೇಳುವುದೆಂದರೆ ಮರಾಠಿಯನ್ನು ದೂಡುವುದೆಂದು ಯಾರು ಹೇಳಿದರು? ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡವನ್ನು ಆಮೇಲೆ ತಾವಾಗಿ ಕಲಿತರು. ಎರಡೂ ಭಾಷೆಗಳಲ್ಲಿ ಬರೆದರು. ಹೆಂಗಸರು ಹೊಸ್ತಿಲು ದಾಟುವುದೇ ದೊಡ್ಡದಾಗಿದ್ದ ಕಾಲದಲ್ಲಿ ಗಡಿ ಕನ್ನಡಿಗರ ಪರವಾಗಿ ಬಹಿರಂಗವಾಗಿ ನಿಂತರು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಮೊದಲ ಮಹಿಳೆ ಅವರು. ಮರಾಠಿಯ ಮೇಲೆ ಹಗೆಯಿಟ್ಟು ಅವರು ಈ ಕೆಲಸ ಮಾಡಲಿಲ್ಲ. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ, ಅದು ಅನ್ನದ ಭಾಷೆ, ನೆರೆಯ ಭಾಷೆ, ತುಕಾರಾಮರ ಭಾಷೆ. ಅದರ ಜೊತೆಗೆ ಅಜ್ಜಿಯ ಮಾತನ್ನು ಓದಲು ಬರೆಯಲು ಬರಲಿ ಎಂದರೆ ಯಾವ ಮರಾಠಿ ನೆರೆಯವನು ಬೇಡವೆಂದಾನು? ಮೊದಲು ಅವನ ಮನೆಗೇ ಹೋಗಿ ಹೇಳಿರಿ. ಬೆನ್ನ ಹಿಂದೆ ಆಡಿದ ಮಾತಿನಿಂದ ಹುಟ್ಟುವ ಸಂಶಯ ಎದುರಿಗೆ ಕುಳಿತು ಆಡಿದ ಮಾತಿನಿಂದ ಹುಟ್ಟುವುದಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಕಹಿಯಾದೀತು. ಕನ್ನಡ ಶಾಲೆ ಬೇಕೆಂದು ಭಾಷಣ ಮಾಡುವ ನಮ್ಮ ದೊಡ್ಡವರ ಮೊಮ್ಮಕ್ಕಳು ಉದಗೀರದ, ಲಾತೂರದ ಇಂಗ್ಲಿಷ್ ಶಾಲೆಯ ಮೋಟಾರು ಹತ್ತಿ ಹೋಗುವುದನ್ನು ಹಳ್ಳಿಯ ಕೂಲಿಯವನು ದಿನಾಲು ಬೆಳಿಗ್ಗೆ ನೋಡುತ್ತಾನೆ. ಅವನಿಗೆ ಕನ್ನಡ ವರ್ಗಕ್ಕೆ ನಿನ್ನ ಮಗುವಿನ ಹೆಸರು ಕೊಡು ಎಂದರೆ ಅವನು ಯಾಕೆ ಕೊಟ್ಟಾನು? ರಮಾನಂದತೀರ್ಥರು ಬೇರೆಯವರನ್ನು ಸೆರೆಗೆ ಕಳಿಸಿ ತಾವು ಆಶ್ರಮದಲ್ಲಿ ಕುಳಿತವರಲ್ಲ. ಇಂಗ್ಲಿಷ್ ಶಾಲೆಯನ್ನು ಬಿಡಿಸಿರೆಂದು ನಾನು ಹೇಳುತ್ತಿಲ್ಲ. ಸಂಜೆ ಒಂದು ತಾಸು ಗುಡಿಯಲ್ಲಿಯೋ ಮಠದಲ್ಲಿಯೋ ಕನ್ನಡ ಕಾಗುಣಿತದ ಪಾಠ ನಡೆಸಿ, ಅದರಲ್ಲಿ ಮೊದಲ ಸಾಲಿನಲ್ಲಿ ನಿಮ್ಮ ಮೊಮ್ಮಗನನ್ನು ಕೂಡಿಸಿರಿ. ಪಟ್ಟದ್ದೇವರಿಗೆ ಇದ್ದ ತನಿಖೆಯ ಅಂಜಿಕೆ ನಿಮಗಿಲ್ಲ; ಯಾವ ಭಾಷೆಯ ಫಲಕ ಬೇಕಾದರೂ ಹಾಕಬಹುದು, ಹಾಕದೆಯೂ ಇರಬಹುದು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಊರಿನಲ್ಲಿ ಮನೆಮಾತು ಕನ್ನಡವಾಗಿರುವ ಶಾಲೆಯ ವಯಸ್ಸಿನ ಮಕ್ಕಳ ಪಟ್ಟಿ ಮಾಡಿರಿ, ತರಗತಿಯ ಪ್ರಕಾರ. ಹತ್ತು ಸಿಕ್ಕರೆ ಅರ್ಜಿ ಬರೆಯಿರಿ. ಮರಾಠಿಯಲ್ಲಿಯೇ ಬರೆಯಿರಿ, ಓದುವ ಅಧಿಕಾರಿಗೆ ಸುಲಭವಾಗಲಿ. 350ಎ ವಿಧಿಯನ್ನು ಹೆಸರಿಸಿರಿ. ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿಸಿ, ಲಾತೂರದ ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗಕ್ಕೆ ಕಳಿಸಿರಿ. ಒಂದು ಪ್ರತಿಯ ಮೇಲೆ ಸ್ವೀಕಾರದ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿರಿ. ಉತ್ತರ ಬಾರದಿದ್ದರೆ 350ಬಿ ವಿಧಿಯ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಿರಿ. ಅರ್ಜಿಯಲ್ಲಿ ಮೊದಲ ಸಹಿ ಸರಪಂಚನದೋ ಮಠದ ಅಯ್ಯನವರದೋ ಆಗಿರಲಿ. ನಾಲ್ಕನೆಯ ಸಹಿ ಮಾಡಲು ಕೂಲಿಕಾರನೂ ಅಂಜುವುದಿಲ್ಲ. ಅವನು ನೋಡುವುದು ಮೊದಲನೆಯದನ್ನು.

ಇದರ ಜೊತೆಗೆ ಇನ್ನೊಂದುಂಟು, ಅದು ಕಾದು ನಿಲ್ಲುವುದಿಲ್ಲ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದೆ ಹೋಗಿ 2027ಕ್ಕೆ ಗೊತ್ತಾಗಿದೆ. ಎಣಿಕೆಯವರು ಮನೆಗೆ ಬಂದಾಗ ಮಾತೃಭಾಷೆ ಯಾವುದೆಂದು ಕೇಳುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಯಜಮಾನನು ಸುಮ್ಮನೆ ಯಾಕೆ ತಂಟೆ ಎಂದು ಮರಾಠಿ ಎನ್ನುತ್ತಾನೆ. ಒಳಗಿನಿಂದ ಅವನ ತಾಯಿ ಕನ್ನಡದಲ್ಲಿ ಮೊಮ್ಮಗಳನ್ನು ಕೂಗುತ್ತಿರುತ್ತಾಳೆ. ಮನೆಯಲ್ಲಿ ಯಾವ ಮಾತೋ ಅದನ್ನೇ ಹೇಳುವುದು 1948ರ ಜನಗಣತಿ ಕಾಯಿದೆಯ ಪ್ರಕಾರ ನಿಮ್ಮ ಕರ್ತವ್ಯ, ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವುದು ಎಣಿಕೆಯವರ ಕರ್ತವ್ಯ. ಅವರು ಬರುವ ವಾರಕ್ಕೆ ಮೊದಲು ಊರ ಹಿರಿಯರು ಓಣಿ ಓಣಿಗೆ ಹೋಗಿ ಈ ಮಾತನ್ನು ತಿಳಿಸಿ ಹೇಳಲಿ, ಬಂದ ದಿನ ತಮ್ಮ ಮನೆಯ ಬಾಗಿಲಲ್ಲಿ ನಾಲ್ಕು ಜನ ಕೇಳುವಂತೆ ತಾವು ಮೊದಲು ಹೇಳಲಿ.